ಹಮ್ಮಿಂಗ್‌ಬರ್ಡ್ ಬರುತ್ತಿಲ್ಲವೇ? ಮೊದಲು ಬಾಟಲಿ ನೋಡಿ

ಅಮೆರಿಕದಲ್ಲಿರುವ ಕನ್ನಡಿಗರ ಹಿತ್ತಿಲಿನಲ್ಲಿ ಕರಿಬೇವು, ದಾಸವಾಳದ ಕುಂಡಗಳ ಪಕ್ಕ ಹಮ್ಮಿಂಗ್‌ಬರ್ಡ್ ಎಂಬ ಪುಟ್ಟ ಹಕ್ಕಿಗೆ ಸಕ್ಕರೆ ನೀರು ಇಡುವ ಕೆಂಪು ಫೀಡರ್ ಒಂದು ನೇತಾಡುವುದು ಈಗ ಸಾಮಾನ್ಯ. ಊರಿನಿಂದ ಆರು ತಿಂಗಳಿಗೆಂದು ಬಂದ ಅಪ್ಪ ಅಮ್ಮನಿಗೆ ಅದಕ್ಕಿಂತ ಚೆನ್ನಾಗಿ ಹೊತ್ತು ಕಳೆಯುವ ದಾರಿ ಇನ್ನೊಂದಿಲ್ಲ. ಫೀಡರ್ ತೂಗುಹಾಕಿದ ವಾರದಲ್ಲೇ ದೂರುಗಳೂ ಶುರುವಾಗುತ್ತವೆ. ಹಕ್ಕಿ ಬರಲಿಲ್ಲ, ಬಂದದ್ದು ಕುಡಿಯಲಿಲ್ಲ, ಇರುವೆ ಮುತ್ತಿತು, ಸಕ್ಕರೆ ನೀರೆಲ್ಲ ಡೆಕ್ ಮೇಲೆ ಸುರಿಯಿತು.

ಇಂಥ ತೊಂದರೆಗಳಲ್ಲಿ ಬಹುಪಾಲು ಹಕ್ಕಿಯದಲ್ಲ, ಬಾಟಲಿಯದು. ಅದರಲ್ಲೂ ಬಾಟಲಿ ಬೇಕಾದ್ದಕ್ಕಿಂತ ದೊಡ್ಡದಾಗಿರುವುದೇ ಅರ್ಧ ರೋಗ. ಮೂರು ಗ್ರಾಂ ತೂಗುವ ಹಕ್ಕಿಗೆ ನಾವು ಮುಕ್ಕಾಲು ಲೀಟರ್ ಸಕ್ಕರೆ ನೀರು ತುಂಬಿಡುತ್ತೇವೆ. ಅದು ಕುಡಿದು ಮುಗಿಸುವ ಮೊದಲೇ ಬಿಸಿಲು ಅದನ್ನು ಕೆಡಿಸಿರುತ್ತದೆ. ಆದ್ದರಿಂದ ಕೆಳಗಿನ ಪರೀಕ್ಷೆಗಳೆಲ್ಲ ಕಾಸಿಲ್ಲದೆ ಆಗುವ ಕೆಲಸದಿಂದ ಶುರುವಾಗುತ್ತವೆ. ಹೊಸ ಫೀಡರ್ ಕೊಳ್ಳುವ ಮಾತು ಆಮೇಲೆ.

ಒಂದು ಹಕ್ಕಿಯೂ ಬರುತ್ತಿಲ್ಲ

ಮೊದಲು ಕ್ಯಾಲೆಂಡರ್ ನೋಡಿ. ನ್ಯೂಜೆರ್ಸಿ, ಜಾರ್ಜಿಯಾ, ಇಲಿನಾಯ್ ಮುಂತಾದ ಪೂರ್ವಭಾಗದ ರಾಜ್ಯಗಳಲ್ಲಿ ಗೂಡು ಕಟ್ಟುವ ಜಾತಿ ಒಂದೇ, ಗಂಡಿನ ಗಂಟಲು ಕೆಂಪಗಿರುವ ರೂಬಿ ಥ್ರೋಟೆಡ್. ಅದು ಚಳಿಗಾಲವನ್ನು ಮೆಕ್ಸಿಕೊ ಮತ್ತು ಮಧ್ಯ ಅಮೆರಿಕದಲ್ಲಿ ಕಳೆದು ಮಾರ್ಚ್ ಸುಮಾರಿಗೆ ದಕ್ಷಿಣದ ಕರಾವಳಿಗೆ ಬರುತ್ತದೆ, ಏಪ್ರಿಲ್ ಕೊನೆ ಅಥವಾ ಮೇ ಹೊತ್ತಿಗೆ ಉತ್ತರದ ರಾಜ್ಯಗಳನ್ನು ಮುಟ್ಟುತ್ತದೆ. ಫೆಬ್ರವರಿಯಲ್ಲಿ ನ್ಯೂಜೆರ್ಸಿಯಲ್ಲಿ ಹಕ್ಕಿ ಬರಲಿಲ್ಲವೆಂದು ಕೊರಗಿದರೆ ಪ್ರಯೋಜನವಿಲ್ಲ. ಕ್ಯಾಲಿಫೋರ್ನಿಯಾದ ಕರಾವಳಿಯಲ್ಲಿ, ಸಿಯಾಟಲ್ ಕಡೆಯಲ್ಲಿ ಆನಾಸ್ ಹಮ್ಮಿಂಗ್‌ಬರ್ಡ್ ವರ್ಷವಿಡೀ ಇರುತ್ತದೆ, ಅಲ್ಲಿನವರಿಗೆ ಈ ನೆಪ ಸಿಗುವುದಿಲ್ಲ.

ಕಾಲ ಸರಿಯಿದ್ದರೆ ಜಾಗ ನೋಡಿ. ಹಕ್ಕಿ ಹಾರಾಡುವಾಗ ಕಣ್ಣಿಗೆ ಬೀಳುವಂತೆ ಫೀಡರ್ ತೆರೆದ ಜಾಗದಲ್ಲಿರಬೇಕು. ಹತ್ತಿರದಲ್ಲೇ ಕುಳಿತು ಕಾಯಲು ಒಂದು ಗಿಡವೋ ಒಣ ಕೊಂಬೆಯೋ ಬೇಕು. ಬೆಳಗಿನ ಬಿಸಿಲು, ಮಧ್ಯಾಹ್ನದ ನೆರಳು ಬೀಳುವ ಮೂಲೆ ಎಲ್ಲಕ್ಕಿಂತ ಒಳ್ಳೆಯದು. ಹಳೆಯ ಫೀಡರ್‌ನ ಕೆಂಪು ಬಿಸಿಲಿಗೆ ಬಿಳಚಿಕೊಂಡಿದ್ದರೆ ಕೆಂಪು ರಿಬ್ಬನ್ ಒಂದನ್ನು ಕಟ್ಟಿ.

ಅಷ್ಟಾದರೂ ಬಾರದಿದ್ದರೆ ಹೂ ಬೇಕು. ದಾಸವಾಳಕ್ಕೆ ಇವು ಬರುತ್ತವೆ, ಸಾಲ್ವಿಯಾಕ್ಕೆ ಇನ್ನೂ ಹೆಚ್ಚು ಬರುತ್ತವೆ. ಪೂರ್ವದಲ್ಲಿದ್ದರೆ ಆ ನೆಲದ್ದೇ ಆದ ಕೆಂಪು ಟ್ರಂಪೆಟ್ ಹನಿಸಕಲ್ ಬಳ್ಳಿ, ಬೀ ಬಾಮ್ ಹಾಕಬಹುದು. ಒಂದು ವಿಷಯ ಮರೆಯಬೇಡಿ: ಈ ಹಕ್ಕಿ ಬರೀ ಸಿಹಿ ಕುಡಿದು ಬದುಕುವುದಿಲ್ಲ. ಸಣ್ಣ ಸೊಳ್ಳೆ, ಹಣ್ಣಿನ ನೊಣ, ಜೇಡ ಇವೇ ಅದರ ಪ್ರೋಟೀನ್. ಹಿತ್ತಿಲಿಗೆ ತಿಂಗಳಿಗೊಮ್ಮೆ ಕೀಟನಾಶಕ ಹೊಡೆಸುವ ಮನೆಯಲ್ಲಿ ಫೀಡರ್ ಎಷ್ಟು ಚೆಂದವಿದ್ದರೂ ಹಕ್ಕಿಗೆ ಅರ್ಧ ಊಟವೇ ಸಿಗುವುದು. ಆ ಖರ್ಚು ನಿಲ್ಲಿಸಿ ನೋಡಿ.

ಇನ್ನು ನೀವು ನೋಡಿದ್ದು ನಿಜಕ್ಕೂ ಹಮ್ಮಿಂಗ್‌ಬರ್ಡ್ ಹೌದೇ ಎಂಬ ಪ್ರಶ್ನೆಯೂ ಇದೆ. ಹೂವಿನ ಮುಂದೆ ಗಾಳಿಯಲ್ಲೇ ನಿಂತು ಹೀರುವ ದಪ್ಪ ಪತಂಗಗಳಿವೆ. ತಲೆಯ ಮೇಲೆ ಮೀಸೆ ಕಂಡರೆ ಅದು ಪತಂಗ. ಊರಿನಿಂದ ವಾಟ್ಸ್‌ಆಪ್‌ನಲ್ಲಿ ಬರುವ ‘ನಮ್ಮ ಮಲೆನಾಡಿನ ಹಮ್ಮಿಂಗ್‌ಬರ್ಡ್’ ವಿಡಿಯೊಗಳೂ ಒಂದೋ ಇಂಥ ಪತಂಗದ್ದು, ಇಲ್ಲವೇ ಸೂರಕ್ಕಿಯದು. ಹಮ್ಮಿಂಗ್‌ಬರ್ಡ್‌ಗಳು ಎರಡೂ ಅಮೆರಿಕ ಖಂಡಗಳನ್ನು ಬಿಟ್ಟು ಬೇರೆಲ್ಲೂ ಇಲ್ಲ.

ಬರುತ್ತಿದ್ದವು, ಇದ್ದಕ್ಕಿದ್ದಂತೆ ನಿಂತವು

ಜೂನ್ ಸುಮಾರಿಗೆ ಹೀಗಾದರೆ ಗಾಬರಿ ಬೇಡ. ಹೆಣ್ಣು ಹಕ್ಕಿ ಮೊಟ್ಟೆಯ ಮೇಲೆ ಕುಳಿತಿರುತ್ತದೆ, ಮರಿಗಳಾದ ಮೇಲೆ ಅವಕ್ಕೆ ಹುಳ ಹಿಡಿಯುವುದರಲ್ಲೇ ದಿನ ಕಳೆಯುತ್ತದೆ. ಸುತ್ತಲೂ ಹೂವೂ ಧಾರಾಳವಾಗಿರುತ್ತದೆ. ಮರಿಗಳು ಹಾರಿದ ಮೇಲೆ ಜುಲೈ, ಆಗಸ್ಟ್‌ನಲ್ಲಿ ಹಿಂದಿಗಿಂತ ದೊಡ್ಡ ಗುಂಪೇ ಬರಬಹುದು. ಆಗ ಗಂಟಲಲ್ಲಿ ಕೆಂಪಿಲ್ಲದ ಹಕ್ಕಿಗಳೇ ಹೆಚ್ಚು ಕಂಡರೆ ಅವೆಲ್ಲ ಹೆಣ್ಣೆಂದು ತಿಳಿಯಬೇಡಿ, ಆ ವರ್ಷದ ಗಂಡುಮರಿಗಳೂ ಹಾಗೆಯೇ ಇರುತ್ತವೆ.

ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ನಿಂತರೆ ಅದು ವಲಸೆ. ಫೀಡರ್ ಇಟ್ಟರೆ ಹಕ್ಕಿ ದಕ್ಷಿಣಕ್ಕೆ ಹೋಗದೆ ಉಳಿದು ಸಾಯುತ್ತದೆ ಎಂಬ ಮಾತು ಎಲ್ಲೆಡೆ ಕೇಳಿಬರುತ್ತದೆ, ಅದು ತಪ್ಪು. ಹಗಲು ಕುಗ್ಗುವುದೇ ಅವಕ್ಕೆ ಹೊರಡುವ ಸೂಚನೆ, ನಮ್ಮ ಸಕ್ಕರೆಯಲ್ಲ. ಕೊನೆಯ ಹಕ್ಕಿ ಕಂಡ ಮೇಲೂ ಎರಡು ವಾರ ಫೀಡರ್ ಇರಲಿ. ತಡವಾಗಿ ಹೊರಟ ದಾರಿಹೋಕರಿಗೆ ಬೇಕಾಗುತ್ತದೆ.

ಈ ಎರಡೂ ಕಾಲವಲ್ಲದಿದ್ದರೆ ಫೀಡರನ್ನೇ ಎರಡು ನಿಮಿಷ ಕಣ್ಣಿಟ್ಟು ನೋಡಿ. ಕೈಮುಗಿದಂತೆ ಕೂರುವ ಹಸಿರು ಮ್ಯಾಂಟಿಸ್ ಕೀಟ ಫೀಡರ್‌ನ ಕುಡಿಯುವ ತೂತಿನ ಪಕ್ಕ ಹೊಂಚುಹಾಕಿ ಹಮ್ಮಿಂಗ್‌ಬರ್ಡನ್ನೇ ಹಿಡಿದು ತಿನ್ನುತ್ತದೆ. ಕೇಳಿದವರು ನಂಬುವುದಿಲ್ಲ, ಆದರೆ ಇದು ನಿಜ. ಅದನ್ನು ಕೊಲ್ಲಬೇಕಿಲ್ಲ, ಕಡ್ಡಿಯಿಂದ ಎತ್ತಿ ಹಿತ್ತಿಲ ಇನ್ನೊಂದು ತುದಿಯ ಗಿಡಕ್ಕೆ ಬಿಡಿ. ಪಕ್ಕದ ಮನೆಯ ಬೆಕ್ಕು ಕೆಳಗೆ ಕೂರುತ್ತಿದ್ದರೆ ಫೀಡರನ್ನು ಎತ್ತರಕ್ಕೆ, ಪೊದೆಯಿಂದ ದೂರಕ್ಕೆ ಸರಿಸಿ.

ಹತ್ತಿರ ಬರುತ್ತವೆ, ಕೊಕ್ಕಿಟ್ಟು ಕುಡಿಯದೆ ಹೋಗುತ್ತವೆ

ಇದು ಎಲ್ಲಕ್ಕಿಂತ ಸ್ಪಷ್ಟವಾದ ಸೂಚನೆ, ದೋಷ ನೀರಿನದು. ಹಕ್ಕಿ ತೂತಿಗೆ ಕೊಕ್ಕಿಟ್ಟು, ತಕ್ಷಣ ಹಿಂದಕ್ಕೆ ಸರಿದು, ಪಕ್ಕದ ತೂತಿಗೂ ಹೋಗಿ, ಅಲ್ಲಿಂದಲೂ ಹಿಂದೆ ಸರಿದರೆ ರುಚಿ ನೋಡಿ ಬೇಡವೆಂದಿತು ಎಂದರ್ಥ. ಚೆನ್ನಾಗಿ ಕುಡಿಯುವಾಗ ಅದು ಫೀಡರ್‌ನ ಕಡ್ಡಿಯ ಮೇಲೆ ಕುಳಿತುಬಿಡುತ್ತದೆ, ಗಂಟಲು ಮಿಡಿಯುವುದು ಕಾಣುತ್ತದೆ, ತಲೆಕೆಳಗಾದ ಬಾಟಲಿಯಾದರೆ ಆಗಾಗ ಒಂದು ಗುಳ್ಳೆ ಮೇಲೇರುತ್ತದೆ. ಗುಳ್ಳೆ ಏಳುವುದೇ ಇಲ್ಲ, ನೀರಿನ ಮಟ್ಟವೂ ಇಳಿದಿಲ್ಲವೆಂದರೆ ತೂತು ಕಟ್ಟಿರಬಹುದು. ಸಕ್ಕರೆ ಹರಳುಗಟ್ಟಿರುತ್ತದೆ, ಇಲ್ಲವೇ ಸತ್ತ ಇರುವೆ ಸಿಕ್ಕಿಕೊಂಡಿರುತ್ತದೆ. ಬಿಸಿನೀರು ಮತ್ತು ಸಣ್ಣ ಬ್ರಷ್ ಸಾಕು.

ತೂತು ಸರಿಯಿದ್ದರೆ ಅಳತೆ ನೆನಪಿಸಿಕೊಳ್ಳಿ. ಒಂದು ಲೋಟ ಬಿಳಿ ಸಕ್ಕರೆಗೆ ನಾಲ್ಕು ಲೋಟ ನೀರು. ಹೂವಿನ ಮಕರಂದದ ಸಿಹಿ ಹೆಚ್ಚುಕಡಿಮೆ ಇಷ್ಟೇ. ಸಕ್ಕರೆ ಕರಗುವಷ್ಟು ನೀರು ಬಿಸಿಯಾದರೆ ಸಾಕು, ಜಾಮೂನಿನ ಪಾಕದಂತೆ ಒಲೆಯ ಮೇಲೆ ಬಿಟ್ಟರೆ ನೀರು ಆವಿಯಾಗಿ ಅಳತೆ ಕೆಡುತ್ತದೆ. ಪೂರ್ತಿ ಆರಿದ ಮೇಲೆ ತುಂಬಿ. ಬಿಸಿಯಿದ್ದಾಗ ಸುರಿದರೆ ಗಾಜಿನ ಬಾಟಲಿ ಕೈಯಲ್ಲೇ ಸೀಳಬಹುದು. ಮಿಕ್ಕದ್ದನ್ನು ಫ್ರಿಜ್‌ನಲ್ಲಿ ಒಂದು ವಾರ ಇಡಬಹುದು.

ನಮ್ಮ ಮನೆಗಳಲ್ಲಿ ಆಗುವ ವಿಶೇಷ ಎಡವಟ್ಟು ಒಂದಿದೆ. ‘ಬಿಳಿ ಸಕ್ಕರೆ ವಿಷ, ಪಾಪ, ಆ ಹಕ್ಕಿಗೆ ಬೆಲ್ಲ ಹಾಕು’ ಎಂದು ಅಮ್ಮಂದಿರು ಹೇಳುತ್ತಾರೆ. ಜೇನುತುಪ್ಪ ಹಾಕು ಎನ್ನುವವರೂ ಇದ್ದಾರೆ. ಎರಡೂ ಬೇಡವೇ ಬೇಡ. ಬೆಲ್ಲ, ಕಂದು ಸಕ್ಕರೆ, ಸಾವಯವ ಎಂದು ಮಾರುವ ಕಚ್ಚಾ ಸಕ್ಕರೆಗಳಲ್ಲಿ ಕಬ್ಬಿಣದ ಅಂಶ ಉಳಿದಿರುತ್ತದೆ, ಅದು ಈ ಹಕ್ಕಿಗಳ ದೇಹಕ್ಕೆ ಒಗ್ಗುವುದಿಲ್ಲ. ನೀರು ಬೆರೆಸಿದ ಜೇನು ಬೇಗ ಬೂಷ್ಟು ಹಿಡಿಯುತ್ತದೆ. ಸಕ್ಕರೆ ಕಾಯಿಲೆಯವರ ಕೃತಕ ಸಿಹಿಯಲ್ಲಿ ಹಕ್ಕಿಗೆ ಬೇಕಾದ ಶಕ್ತಿಯೇ ಇಲ್ಲ. ನಮ್ಮ ಅಡುಗೆಮನೆಯಲ್ಲಿ ಯಾವುದು ಕೀಳೋ ಇಲ್ಲಿ ಅದೇ ಮೇಲು: ಅಂಗಡಿಯ ಅಗ್ಗದ ಬಿಳಿ ಸಕ್ಕರೆ. ಕೆಂಪು ಬಣ್ಣದ ಪುಡಿಯೂ ಬೇಡ. ಫೀಡರ್ ಕೆಂಪಾಗಿದ್ದರೆ ಸಾಕು, ನೀರು ಕೆಂಪಾಗಬೇಕಿಲ್ಲ. ಬಣ್ಣ ಬೆರೆಸಿದ ಸಿದ್ಧ ಬಾಟಲಿಗಳಿಗೆ ದುಡ್ಡು ಕೊಡುವುದು ಶುದ್ಧ ದಂಡ.

ನೀರು ಕದಡಿದೆ, ಅಂಚಿನಲ್ಲಿ ಕಪ್ಪು ಚುಕ್ಕೆ ಇದೆ

ಕದಡಿದ ನೀರೆಂದರೆ ಹುಳಿ ಬಂದಿದೆ. ಎಳೆ ಎಳೆಯಾಗಿ ಏನೋ ತೇಲುತ್ತಿದ್ದರೂ ಅದೇ ಅರ್ಥ. ಕಪ್ಪು ಚುಕ್ಕೆ ಎಂದರೆ ಬೂಷ್ಟು. ಸೋಸಿ ಮತ್ತೆ ತುಂಬಬೇಡಿ, ಮೇಲೆ ಹೊಸದನ್ನೂ ಸುರಿಯಬೇಡಿ. ಎಲ್ಲ ಚೆಲ್ಲಿ, ಫೀಡರನ್ನು ಬಿಚ್ಚಿ, ಬಿಸಿನೀರಿನಲ್ಲಿ ಬಾಟಲಿ ಬ್ರಷ್‌ನಿಂದ ತಿಕ್ಕಿ. ಹಳದಿ ಪ್ಲಾಸ್ಟಿಕ್ ಹೂಗಳನ್ನು ಕಿತ್ತು ಅವುಗಳ ಹಿಂಬದಿ ನೋಡಿ. ಹೊರಗಿನಿಂದ ಥಳಥಳ ಹೊಳೆಯುವ ಫೀಡರ್‌ನಲ್ಲೂ ಬೂಷ್ಟು ಅಲ್ಲೇ ಅಡಗಿರುತ್ತದೆ.

ವಾರಕ್ಕೊಮ್ಮೆಯ ತೊಳೆತಕ್ಕೆ ಬಿಳಿ ವಿನೆಗರ್ ಬೆರೆಸಿದ ಬಿಸಿನೀರು ಸಾಕು. ಬೂಷ್ಟು ಬಿಡದಿದ್ದರೆ ಒಂದು ಗ್ಯಾಲನ್ ನೀರಿಗೆ ಕಾಲು ಕಪ್ ಬ್ಲೀಚ್ ಹಾಕಿ ಒಂದು ಗಂಟೆ ನೆನೆಸಿ, ವಾಸನೆ ಹೋಗುವವರೆಗೆ ತೊಳೆದು ಪೂರ್ತಿ ಒಣಗಿಸಿ. ಎಚ್ಚರಿಕೆ: ಬ್ಲೀಚನ್ನೂ ವಿನೆಗರನ್ನೂ ಎಂದಿಗೂ ಒಟ್ಟಿಗೆ ಬಳಸಬೇಡಿ. ಎರಡೂ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ, ಮುಚ್ಚಿದ ಅಡುಗೆಮನೆಯ ಸಿಂಕಿನಲ್ಲಿ ಅದು ಮನುಷ್ಯರಿಗೇ ಅಪಾಯ.

ಎಷ್ಟು ದಿನಕ್ಕೆ ಬದಲಾಯಿಸಬೇಕು ಎನ್ನುವುದನ್ನು ಬಿಸಿಲು ನಿರ್ಧರಿಸುತ್ತದೆ. 90 ಡಿಗ್ರಿ ಫ್ಯಾರನ್‌ಹೀಟ್ ದಾಟುವ ದಿನಗಳಲ್ಲಿ ದಿನ ಬಿಟ್ಟು ದಿನ, ಡಲ್ಲಾಸ್, ಫೀನಿಕ್ಸ್‌ನ ಕಡುಬೇಸಿಗೆಯಲ್ಲಿ ದಿನವೂ. ತಂಪಿನ ಕಾಲದಲ್ಲಿ ವಾರಕ್ಕೊಮ್ಮೆ ನಡೆಯುತ್ತದೆ. ಇಷ್ಟು ಸಲ ಚೆಲ್ಲಲು ಮನಸ್ಸು ಬರುತ್ತಿಲ್ಲವೇ? ಹಾಗಾದರೆ ಬಾಟಲಿ ದೊಡ್ಡದು. ಅಂಗೈ ಅಗಲದ ತಟ್ಟೆಯಾಕಾರದ ಫೀಡರ್ ತಂದುಬಿಡಿ. ಇಡೀ ಈ ಬರಹದಲ್ಲಿ ನಾನು ದುಡ್ಡು ಖರ್ಚು ಮಾಡಿ ಎಂದು ಒತ್ತಿ ಹೇಳುವುದು ಇದೊಂದಕ್ಕೇ. ಅದರ ಮುಚ್ಚಳ ತೆಗೆದರೆ ಮೂಲೆಮೂಲೆಗೂ ಕೈ ಹೋಗುತ್ತದೆ, ಮುಂದಿನ ಎರಡು ತೊಂದರೆಗಳೂ ಅದರಿಂದಲೇ ಕಡಿಮೆಯಾಗುತ್ತವೆ.

ತೊಟ್ಟಿಕ್ಕುತ್ತಿದೆ

ತಲೆಕೆಳಗಾದ ಬಾಟಲಿಯಲ್ಲಿ ನೀರನ್ನು ಹಿಡಿದು ನಿಲ್ಲಿಸುವುದು ಒಳಗಿನ ಗಾಳಿಯ ಕಡಿಮೆ ಒತ್ತಡ. ಮಧ್ಯಾಹ್ನದ ಬಿಸಿಲಿಗೆ ಆ ಗಾಳಿ ಹಿಗ್ಗಿ ನೀರನ್ನು ಕೆಳಕ್ಕೆ ತಳ್ಳುತ್ತದೆ. ಬೆಳಿಗ್ಗೆ ಸುಮ್ಮನಿದ್ದು ಮಧ್ಯಾಹ್ನ ಮಾತ್ರ ಸೋರಿದರೆ ಬಿಸಿಲೇ ಕಾರಣ, ನೆರಳಿಗೆ ಸರಿಸಿ. ಅರ್ಧ ತುಂಬಿದ ಬಾಟಲಿ ತುಂಬಿದ ಬಾಟಲಿಗಿಂತ ಹೆಚ್ಚು ಸೋರುವುದೂ ಇದರಿಂದಲೇ, ಒಳಗೆ ಹಿಗ್ಗಲು ಗಾಳಿ ಹೆಚ್ಚಿರುತ್ತದೆ. ದಿನವಿಡೀ ಸೋರಿದರೆ ಬುಡದ ರಬ್ಬರ್ ವಾಷರ್ ನೋಡಿ. ಅದು ಮಡಿಚಿಕೊಂಡಿದ್ದರೆ ಸರಿಮಾಡಿ, ಬಿರಿದಿದ್ದರೆ ಬದಲಿಸಿ. ಗಾಳಿಗೆ ಓಲಾಡುವಾಗ ಮಾತ್ರ ಸೋರಿದರೆ ಕೊಕ್ಕೆ ಬಿಗಿಮಾಡಿ. ತಟ್ಟೆಯ ಫೀಡರ್‌ನಲ್ಲಿ ನೀರು ತೂತಿಗಿಂತ ಕೆಳಗಿರುವುದರಿಂದ ಈ ಪುರಾಣವೇ ಇಲ್ಲ.

ಇರುವೆ, ಜೇನು, ಕಡಜ

ಇರುವೆಗೆ ಮದ್ದು ನಮಗೆ ಗೊತ್ತಿರುವುದೇ. ಅಜ್ಜಿಯ ಕಾಲದಲ್ಲಿ ತಿಂಡಿಯ ಗೂಡಿನ ಕಾಲುಗಳನ್ನು ನೀರಿನ ಬಟ್ಟಲಲ್ಲಿ ಇಡುತ್ತಿದ್ದರಲ್ಲ, ಅದೇ ಉಪಾಯ ಇಲ್ಲಿ ಫೀಡರ್‌ನ ಮೇಲುಗಡೆ. ಕೊಕ್ಕೆಗೂ ಫೀಡರ್‌ಗೂ ನಡುವೆ ನೀರು ತುಂಬಿದ ಸಣ್ಣ ಬಟ್ಟಲು ಸಿಕ್ಕಿಸುತ್ತಾರೆ, ಕೆಲವು ತಟ್ಟೆ ಫೀಡರ್‌ಗಳಲ್ಲಿ ಅದು ನಡುವೆಯೇ ಇರುತ್ತದೆ. ಬಿಸಿಲಿಗೆ ನೀರು ಆರಿಹೋದರೆ ಇರುವೆ ಮತ್ತೆ ಹತ್ತುತ್ತದೆ, ದಿನಕ್ಕೊಮ್ಮೆ ನೋಡಿ. ತಂತಿಗೆ ಎಣ್ಣೆಯನ್ನಾಗಲಿ ವ್ಯಾಸಲೀನನ್ನಾಗಲಿ ಸವರಬೇಡಿ. ಅದು ಹಕ್ಕಿಯ ಗರಿಗೆ ಅಂಟಿದರೆ ಅದಕ್ಕೆ ತೊಳೆದುಕೊಳ್ಳಲಾಗದು.

ಜೇನು, ಕಡಜಗಳು ಬಂದರೆ ಮೊದಲು ಸೋರಿಕೆ ನಿಲ್ಲಿಸಿ, ಅವುಗಳನ್ನು ಕರೆಯುವುದು ಹೊರಗೆ ಹರಿದ ಅಂಟು. ಹಳದಿ ಭಾಗಗಳಿದ್ದರೆ ತೆಗೆಯಿರಿ. ಫೀಡರನ್ನು ನಾಲ್ಕಾರು ಹೆಜ್ಜೆ ಸರಿಸಿ ನೋಡಿ, ಹಕ್ಕಿ ಹುಡುಕಿಕೊಂಡು ಬರುತ್ತದೆ, ಹುಳಗಳಿಗೆ ಹೊತ್ತು ಹಿಡಿಯುತ್ತದೆ. ಸ್ಪ್ರೇ ಮಾತ್ರ ಹೊಡೆಯಬೇಡಿ. ಸೂರಿನಲ್ಲೇ ಕಡಜದ ಗೂಡಿದ್ದರೆ, ಮನೆಯಲ್ಲಿ ಯಾರಿಗಾದರೂ ಕಡಿತದ ಅಲರ್ಜಿಯಿದ್ದರೆ ಏಣಿ ಹತ್ತುವ ಸಾಹಸ ಬಿಟ್ಟು ಗೂಡು ತೆಗೆಯುವವರನ್ನು ಕರೆಯಿರಿ.

ಒಂದೇ ಹಕ್ಕಿ ಎಲ್ಲರನ್ನೂ ಓಡಿಸುತ್ತಿದೆ

ಇದು ದೋಷವಲ್ಲ, ಸ್ವಭಾವ. ಹೂ ಕಾಯುವ ಹಕ್ಕಿ ಫೀಡರನ್ನೂ ಕಾಯುತ್ತದೆ. ಪಶ್ಚಿಮದ ರೂಫಸ್ ಜಾತಿಯಂತೂ ತನಗಿಂತ ದೊಡ್ಡವನ್ನೂ ಬೆನ್ನಟ್ಟುತ್ತದೆ. ಅದೇ ಫೀಡರ್‌ಗೆ ಇನ್ನಷ್ಟು ತೂತು ಸೇರಿಸುವುದರಿಂದ ಪ್ರಯೋಜನವಿಲ್ಲ. ಮನೆಯ ಮೂಲೆ ತಿರುಗಿದರೆ ಕಾಣುವಂತೆ, ಅಂದರೆ ಮೊದಲನೆಯದರಿಂದ ಕಾಣದಂತೆ, ಇನ್ನೊಂದು ಸಣ್ಣ ಫೀಡರ್ ಇಡಿ. ಒಬ್ಬನೇ ದಾಂಡಿಗ ಎರಡೂ ಕಡೆ ಕಾವಲಿರಲಾರ.

ಅಂದಹಾಗೆ, ಆ ದಾಂಡಿಗನ ಕುತ್ತಿಗೆ ಕಪ್ಪಾಗಿ ಕಂಡು ರೋಗವೇನೋ ಎಂದು ಹೆದರುವವರಿದ್ದಾರೆ. ಗಂಡಿನ ಗಂಟಲಿನ ಹೊಳಪು ಬಣ್ಣದ ಪುಡಿಯಿಂದಲ್ಲ, ಗರಿಯ ರಚನೆ ಬೆಳಕನ್ನು ತಿರುಗಿಸುವುದರಿಂದ ಬರುತ್ತದೆ. ಅದು ಕತ್ತು ಇತ್ತ ಹೊರಳಿಸುವವರೆಗೆ ಇದ್ದಿಲಿನಂತೆ ಕಪ್ಪು, ಹೊರಳಿಸಿದ ಕ್ಷಣ ಕೆಂಡ.

ರಾತ್ರಿ ಕಳೆಯುವುದರೊಳಗೆ ಖಾಲಿ

ಹಮ್ಮಿಂಗ್‌ಬರ್ಡ್ ರಾತ್ರಿ ಕುಡಿಯಲು ಬರುವುದಿಲ್ಲ. ದಕ್ಷಿಣ ಅರಿಜೋನಾದಲ್ಲಿ ಬೇಸಿಗೆಯ ಕೊನೆಗೆ ಹೀಗಾದರೆ ಮಕರಂದ ಕುಡಿಯುವ ಬಾವಲಿಗಳ ಕೆಲಸ, ಅವುಗಳಿಂದ ಹಾನಿಯಿಲ್ಲ. ಬೇರೆ ಕಡೆ ಫೀಡರ್ ನೆಲದಲ್ಲಿ ಬಿದ್ದಿದ್ದರೆ ರಕೂನ್ ಬಂದುಹೋಗಿದೆ, ರಾತ್ರಿ ಒಳಗಿಟ್ಟುಬಿಡಿ. ಆದರೆ ಫೀಡರ್ ತೂಗುಹಾಕಿದ ಕಬ್ಬಿಣದ ಕಂಬವೇ ಬಾಗಿದ್ದರೆ ಬಂದದ್ದು ಕರಡಿ. ಅಲ್ಲಿಗೆ ನಿಲ್ಲಿಸಿ. ಕಾಳಿನ ಫೀಡರ್ ಸಮೇತ ಎಲ್ಲವನ್ನೂ ಕೆಲವು ವಾರ ತೆಗೆದಿಡಿ, ಮನೆಯ ಬಳಿ ಉಣ್ಣಲು ಕಲಿತ ಕರಡಿ ಮತ್ತೆ ಮತ್ತೆ ಬರುತ್ತದೆ.

ಚಳಿಯ ಬೆಳಿಗ್ಗೆ ತಲೆಕೆಳಗಾಗಿ ನೇತಾಡುತ್ತಿದೆ

ನೋಡಿದರೆ ಸತ್ತೇಹೋಗಿದೆ ಎನಿಸುತ್ತದೆ. ಗರಿ ಉಬ್ಬಿರುತ್ತದೆ, ಕಣ್ಣು ಮುಚ್ಚಿರುತ್ತದೆ, ಕಾಲು ಮಾತ್ರ ಫೀಡರ್‌ನ ಕಡ್ಡಿ ಹಿಡಿದಿರುತ್ತದೆ. ಮುಟ್ಟಬೇಡಿ, ಕಾಲು ಬಿಡಿಸಬೇಡಿ. ಚಳಿಯ ರಾತ್ರಿ ಶಕ್ತಿ ಉಳಿಸಲು ಈ ಹಕ್ಕಿಗಳು ದೇಹದ ಬಿಸಿಯನ್ನು ಇಳಿಸಿಕೊಂಡು, ಹಗಲಿನಲ್ಲಿ ನಿಮಿಷಕ್ಕೆ ಸಾವಿರ ದಾಟುವ ಎದೆಬಡಿತವನ್ನು ಐವತ್ತರ ಸುಮಾರಿಗೆ ತಂದು ಜಡವಾಗುತ್ತವೆ. ಅದರಿಂದ ಎಚ್ಚರಾಗಲು ಇಪ್ಪತ್ತು ನಿಮಿಷದಿಂದ ಒಂದು ಗಂಟೆಯವರೆಗೆ ಹಿಡಿಯಬಹುದು. ಬಿಸಿಲು ಚೆನ್ನಾಗಿ ಏರಿದರೂ ಅಲುಗದಿದ್ದರೆ ಅಥವಾ ನೆಲಕ್ಕೆ ಬಿದ್ದರೆ ಆಗ ಕೊನೆಯಲ್ಲಿ ಹೇಳಿರುವ ಸಹಾಯ ಕೇಳಿ.

ಸಕ್ಕರೆ ನೀರು ಹೆಪ್ಪುಗಟ್ಟಿದ್ದರೆ ರಾತ್ರಿ ಒಳಗಿಟ್ಟು ಬೆಳಕು ಹರಿಯುವ ಮುನ್ನ ಹೊರಗಿಡುವುದೇ ಸುಲಭ ದಾರಿ. ಹೆಪ್ಪುಗಟ್ಟದಿರಲೆಂದು ಸಕ್ಕರೆ ಹೆಚ್ಚಿಸುತ್ತಾ ಹೋಗಬೇಡಿ. ಬಲ್ಬ್ ಅಥವಾ ಹೀಟರ್ ಕಟ್ಟುವುದಾದರೆ ಮಳೆಗೆ ಒಡ್ಡಬಹುದೆಂದು ನಮೂದಿಸಿದ್ದನ್ನೇ ಬಳಸಿ, ಮನೆಯೊಳಗಿನ ವೈರನ್ನು ಹಿಮಕ್ಕೆ ಎಳೆಯಬೇಡಿ.

ಗ್ಯಾರೇಜಿನಲ್ಲಿ ಸಿಕ್ಕಿಬಿದ್ದಿದೆ

ಗ್ಯಾರೇಜಿನ ಚಾವಣಿಯಿಂದ ಬಾಗಿಲಿನ ತುರ್ತು ಹಿಡಿಕೆಯೊಂದು ಇಳಿಬಿದ್ದಿರುತ್ತದಲ್ಲ, ಅದು ಸಾಮಾನ್ಯವಾಗಿ ಕಡುಕೆಂಪು. ಹೂವೆಂದು ಹಕ್ಕಿ ಒಳಬರುತ್ತದೆ. ಹೆದರಿದಾಗ ಮೇಲಕ್ಕೇ ಹಾರುವುದು ಅದರ ಅಭ್ಯಾಸ, ಹಾಗಾಗಿ ಬಾಗಿಲು ತೆರೆದೇ ಇದ್ದರೂ ಚಾವಣಿಗೆ ತಲೆ ಕುಟ್ಟುತ್ತಾ ಬಳಲುತ್ತದೆ. ಪೊರಕೆ ಹಿಡಿದು ಅಟ್ಟಬೇಡಿ. ಒಳಗಿನ ದೀಪ ಆರಿಸಿ, ಬಾಗಿಲು ಪೂರ್ತಿ ತೆರೆದು, ಹೊಸ್ತಿಲ ಬಳಿ ಬೆಳಕಿನಲ್ಲಿ ಫೀಡರ್ ತೂಗಿಬಿಟ್ಟು, ಮಕ್ಕಳನ್ನು ಒಳಕ್ಕೆ ಕರೆದುಕೊಂಡು ಹೋಗಿ. ಆಮೇಲೆ ಆ ಹಿಡಿಕೆಗೆ ಕಪ್ಪು ಟೇಪ್ ಸುತ್ತಿ. ಎಳೆಯಲು ಬರುವಂತಿರಲಿ, ಅದು ತುರ್ತಿಗಾಗಿಯೇ ಇರುವುದು.

ಗಾಜಿಗೆ ಬಡಿದು ಬಿದ್ದಿದೆ, ನಾಲಿಗೆ ಹೊರಗಿದೆ, ಮರಿ ಒಂಟಿಯಾಗಿದೆ

ಇಲ್ಲಿಂದ ಮುಂದೆ ಮನೆಮದ್ದು ಬೇಡ.

ಗಾಜಿಗೆ ಬಡಿದ ಹಕ್ಕಿಯನ್ನು ಗಾಳಿಯಾಡುವ ಸಣ್ಣ ಡಬ್ಬಿಯಲ್ಲಿ ಮೆತ್ತನೆಯ ಕಾಗದ ಹಾಸಿ, ಕತ್ತಲು ಮತ್ತು ಬೆಚ್ಚಗಿನ ಜಾಗದಲ್ಲಿಡಿ. ಸ್ವಲ್ಪ ಹೊತ್ತಿನಲ್ಲಿ ಚೇತರಿಸಿಕೊಂಡರೆ ಹೊರಗೆ ಒಯ್ದು ಮುಚ್ಚಳ ತೆರೆಯಿರಿ. ರೆಕ್ಕೆ ಜೋತಿದ್ದರೆ ಅಥವಾ ಏಳದಿದ್ದರೆ ಕೊನೆಯಲ್ಲಿ ಹೇಳಿರುವವರಿಗೆ ಕರೆ ಮಾಡಿ. ಮುಂದೆ ಹಾಗಾಗದಂತೆ ಫೀಡರನ್ನು ಕಿಟಕಿಗೆ ಮೂರು ಅಡಿಯೊಳಗೆ ತನ್ನಿ, ಅಷ್ಟು ಹತ್ತಿರದಿಂದ ಹೊರಟ ಹಕ್ಕಿಗೆ ವೇಗ ಬಂದಿರುವುದಿಲ್ಲ. ಗಾಜಿನ ಹೊರಮೈಗೆ ಎರಡಂಗುಲಕ್ಕೊಂದರಂತೆ ಚುಕ್ಕೆ ಅಂಟಿಸಿದರೆ ಇನ್ನೂ ಒಳ್ಳೆಯದು. ಒಂದೇ ಒಂದು ಗಿಡುಗದ ಸ್ಟಿಕರ್‌ನಿಂದ ಏನೂ ಆಗದು.

ಕುಡಿಯದಿರುವಾಗಲೂ ನಾಲಿಗೆ ಹೊರಗೇ ಉಳಿದು ಊದಿಕೊಂಡಿದ್ದರೆ ಅದು ಶಿಲೀಂಧ್ರದ ಸೋಂಕಿರಬಹುದು. ಕೊಳಕು ಫೀಡರ್‌ನಿಂದ ಹರಡುತ್ತದೆಂದು ಹೇಳುವ ಕಾಯಿಲೆ ಇದು. ಎಲ್ಲ ಫೀಡರ್‌ಗಳನ್ನೂ ಅಂದೇ ಇಳಿಸಿ, ಬ್ಲೀಚಿನಲ್ಲಿ ತೊಳೆಯಿರಿ, ಅಕ್ಕಪಕ್ಕದ ಮನೆಯವರಿಗೂ ತಿಳಿಸಿ.

ಗೂಡಿನ ಮರಿಗಳ ವಿಷಯದಲ್ಲಿ ಆತುರವೇ ಅಪಾಯ. ಗೂಡು ಅರ್ಧ ಅಕ್ರೋಟಿನ ಸಿಪ್ಪೆಯಷ್ಟಿರುತ್ತದೆ, ಜೇಡದ ನೂಲಿನಿಂದ ಹೆಣೆದಿರುತ್ತದೆ, ಒಳಗೆ ಸಾಮಾನ್ಯವಾಗಿ ಎರಡು ಮರಿ. ಗಂಡು ಅತ್ತ ಸುಳಿಯುವುದಿಲ್ಲ. ಮರಿಗಳಿಗೆ ಗರಿ ಬರತೊಡಗಿದ ಮೇಲೆ ತಾಯಿಯೂ ಗೂಡಿನಲ್ಲಿ ಕೂರುವುದಿಲ್ಲ. ಬಂದು, ಕೆಲವೇ ಕ್ಷಣಗಳಲ್ಲಿ ಉಣಿಸಿ, ಹೋಗಿಬಿಡುತ್ತದೆ. ಫೋನ್ ನೋಡಲು ತಲೆ ತಗ್ಗಿಸಿದರೆ ಆ ಕ್ಷಣವೇ ತಪ್ಪಿಹೋಗುತ್ತದೆ. ಆದ್ದರಿಂದ ದೂರ ನಿಂತು ಒಂದು ಗಂಟೆ ಕಣ್ಣು ಕದಲಿಸದೆ ನೋಡಿ. ಸುಮ್ಮನಿರುವ ಮರಿಗಳು ಚೆನ್ನಾಗಿಯೇ ಇವೆ. ಬಿಡದೆ ಚೀರುತ್ತಿವೆ, ತಾಯಿ ಒಮ್ಮೆಯೂ ಬರಲಿಲ್ಲ ಎಂದಾದರೆ ಕರೆ ಮಾಡಿ. ಡ್ರಾಪರ್‌ನಿಂದ ಸಕ್ಕರೆ ನೀರು ಬಿಡಬೇಡಿ. ಮರಿಗೆ ಬೇಕಾದದ್ದು ಹುಳದ ಪ್ರೋಟೀನ್, ಗರಿಗೆ ಅಂಟಿದ ಸಕ್ಕರೆ ಅದನ್ನು ಕೊಲ್ಲಬಹುದು.

ಕರೆ ಮಾಡಬೇಕಾದದ್ದು ಪರವಾನಗಿ ಇರುವ ವನ್ಯಜೀವಿ ಪುನರ್ವಸತಿಗಾರರಿಗೆ, ನಿಮ್ಮ ರಾಜ್ಯದ ವನ್ಯಜೀವಿ ಇಲಾಖೆಯ ಜಾಲತಾಣದಲ್ಲಿ ಪಟ್ಟಿ ಸಿಗುತ್ತದೆ. ಮನೆಯಲ್ಲಿಟ್ಟು ಸಾಕುತ್ತೇನೆ ಎನ್ನುವಂತಿಲ್ಲ. 1918ರ ವಲಸೆ ಹಕ್ಕಿಗಳ ಒಪ್ಪಂದ ಕಾಯ್ದೆಯ ಪ್ರಕಾರ ಪರವಾನಗಿಯಿಲ್ಲದೆ ಹಕ್ಕಿಯನ್ನಾಗಲಿ, ಗೂಡನ್ನಾಗಲಿ, ಮೊಟ್ಟೆಯನ್ನಾಗಲಿ ಇಟ್ಟುಕೊಳ್ಳುವುದು ಅಪರಾಧ. ಫೋನಿನಲ್ಲಿ ಹಕ್ಕಿ ಸಿಕ್ಕ ಜಾಗ, ಹೊತ್ತು, ನೀವು ಕುಡಿಸಿದ್ದೇನಾದರೂ ಇದ್ದರೆ ಅದು, ಬೆಕ್ಕು ಮುಟ್ಟಿದೆಯೇ ಎಂಬುದನ್ನು ಮೊದಲೇ ಹೇಳಿ. ಬೆಕ್ಕು ಮುಟ್ಟಿದ್ದರೆ ಗಾಯ ಕಾಣದಿದ್ದರೂ ಆ ದಿನವೇ ಒಯ್ಯಬೇಕು.